ಹರಾರಿನ ಉತ್ತರ ಪತ್ರಿಕೆ

ನಮ್ಮ ಕಡೆ ಹೊರದೇಶ ಎಂದರೆ ಗಲ್ಫ್. ನಮ್ಮ ಅಣ್ಣ ಜುಬೈಲ್‌ನಲ್ಲಿದ್ದರು, ಭಾವ ದುಬೈಯಲ್ಲಿ, ಚಿಕ್ಕಮ್ಮನ ಇಬ್ಬರು ಮಕ್ಕಳು ಕುವೈತ್‌ನಲ್ಲಿ. ಆದ್ದರಿಂದ 2006ರ ಮಳೆಗಾಲದಲ್ಲಿ ನನಗೂ ಹೊರದೇಶದಲ್ಲಿ ಕೆಲಸ ಸಿಕ್ಕಿತು ಎಂದಾಗ ನೆರೆಹೊರೆಯವರು "ಸೌದಿಯಾ, ದುಬೈಯಾ?" ಎಂದಷ್ಟೇ ಕೇಳಿದರು. ಇಥಿಯೋಪಿಯಾ ಎಂದ ಮೇಲೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. 1984ರ ಬರಗಾಲದ ಚಿತ್ರಗಳು ಎಲ್ಲರ ಕಣ್ಣಲ್ಲೂ ಇನ್ನೂ ಇದ್ದವು. "ಅವರಿಗೇ ಊಟಕ್ಕಿಲ್ಲ, ನಿನಗೆ ಎಂತ ಸಂಬಳ ಕೊಡ್ತಾರೆ?" ಎಂದು ಮಾವ ಬಾಯಿಬಿಟ್ಟೇ ಕೇಳಿದರು. ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಅನುದಾನವಿಲ್ಲದ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿ ನಾನು ಗಳಿಸಿದ್ದು ತಂಗಿಯ ಮದುವೆಯ ಸಾಲವನ್ನು ಮಾತ್ರ.

ಸಂತೋಷಪಟ್ಟವರು ಉಮ್ಮ ಒಬ್ಬರೇ. ಅವರು ಓದಿದ್ದು ನಾಲ್ಕನೆಯ ತರಗತಿ. ಆದರೆ ಹಬಶ ದೇಶ ಅವರಿಗೆ ಗೊತ್ತಿತ್ತು. ಮಕ್ಕಾದಲ್ಲಿ ಕಿರುಕುಳ ತಾಳಲಾರದೆ ಪ್ರವಾದಿ(ಸ)ರ ಅನುಯಾಯಿಗಳ ಒಂದು ಗುಂಪು ಸಮುದ್ರ ದಾಟಿ ಹೋದದ್ದು, ಕ್ರೈಸ್ತ ರಾಜ ನಜ್ಜಾಶಿ ಅವರನ್ನು ಹಿಡಿದುಕೊಡಲು ಒಪ್ಪದೆ ಆಶ್ರಯ ಕೊಟ್ಟದ್ದು ಅವರು ನಮಗೆ ಮಲಗುವಾಗ ಹೇಳುತ್ತಿದ್ದ ಕತೆ. "ಹೋಗಿ ಬಾ ಮೋನೇ. ಆ ದೇಶದವರ ಋಣ ನಮ್ಮ ಮೇಲುಂಟು" ಎಂದರು. ಮುಂದೆ ಈ ಮಾತು ನನ್ನನ್ನು ಬಹಳ ಚುಚ್ಚಲಿತ್ತು.

ಅಡಿಸ್ ಅಬಾಬಾದಿಂದ ದಿರೆ ದಾವಾಕ್ಕೆ ವಿಮಾನ, ಅಲ್ಲಿಂದ ಮಿನಿಬಸ್ಸಿನಲ್ಲಿ ಗುಡ್ಡ ಹತ್ತಿ ಹರಾರ್. ಕೆಳಗೆ ದಿರೆ ದಾವಾದಲ್ಲಿ ಮಂಗಳೂರಿನ ಏಪ್ರಿಲ್ ಸೆಕೆ. ಒಂದೂವರೆ ತಾಸಿನ ದಾರಿ ಮುಗಿದು ಹರಾರ್‌ನಲ್ಲಿ ಇಳಿದಾಗ ಸ್ವೆಟರ್ ಬೇಕೆನಿಸುವ ಗಾಳಿ. ನಾನು ಸೇರಿದ್ದು ಆ ಪ್ರದೇಶದ ಒಂದು ಕಾಲೇಜು, ಅದರ ಹೆಸರು ಇಲ್ಲಿ ಮುಖ್ಯವಲ್ಲ. ಹೋದ ಮೂರನೆಯ ದಿನ ನೋಟೀಸು ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ 'ಎರಡು ಗಂಟೆ' ಎಂದಿತ್ತು. ಊಟ ಮುಗಿಸಿ, ಝುಹರ್ ನಮಾಝ್ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಎರಡಕ್ಕೆ ಹತ್ತು ನಿಮಿಷ ಇರುವಾಗಲೇ ಹೋದೆ. ಕೊಠಡಿ ಖಾಲಿ. ಕಸ ಗುಡಿಸುತ್ತಿದ್ದ ಹೆಂಗಸು ನನ್ನನ್ನು ನೋಡಿ ನಕ್ಕಳು. ಅಲ್ಲಿ ಗಂಟೆಯ ಲೆಕ್ಕ ಶುರುವಾಗುವುದು ಬೆಳಗಾದ ಮೇಲೆ. ನಮ್ಮ ಏಳು ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಎಪ್ಪತ್ತು ಮಂದಿ ಹುಡುಗ ಹುಡುಗಿಯರು ಬೆಳಿಗ್ಗೆ ಎಂಟಕ್ಕೆ ಬಂದು ಒಂದು ತಾಸು ಕಾದು ಹೋಗಿದ್ದರು. ವರ್ಷದ ಲೆಕ್ಕವೂ ಬೇರೆ. ವರ್ಷಕ್ಕೆ ಹದಿಮೂರು ತಿಂಗಳು, ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ನಾನು 2006ರಲ್ಲಿ ಹೊರಟು 1999ರಲ್ಲಿ ಇಳಿದಿದ್ದೆ. ಹಾಗೆಂದು ಮನೆಗೆ ಪತ್ರ ಬರೆದರೆ ಅಣ್ಣನ ಮಗಳು, "ಹಾಗಾದರೆ ಚಿಕ್ಕಪ್ಪಾ, ನಾನಿನ್ನೂ ಹುಟ್ಟಿಲ್ಲ ಅಲ್ವಾ?" ಎಂದು ಉತ್ತರ ಬರೆದಿದ್ದಳು.

ಹರಾರ್ ಬಗ್ಗೆ ಹೇಳತೊಡಗಿದರೆ ಅದೇ ಒಂದು ಪುಸ್ತಕವಾದೀತು. ಜುಗೋಲ್ ಎಂದು ಕರೆಯುವ ಹಳೆಯ ಕೋಟೆಗೋಡೆಯೊಳಗೆ ಇಕ್ಕಟ್ಟಾದ ಓಣಿಗಳು, 82 ಮಸೀದಿಗಳು, ನೂರಕ್ಕೂ ಹೆಚ್ಚು ದರ್ಗಾಗಳು. ನಾನು ಹೋದ ವರ್ಷವೇ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಗೋಡೆಯೊಳಗಿನ ಹಳಬರಿಗೆ ತಮ್ಮದೇ ಒಂದು ಭಾಷೆ ಇದೆ. ದರ್ಜಿಗಳು ಸಾಲಾಗಿ ಕೂತು ಹೊಲಿಯುವ ಓಣಿಗೆ ಮಷಿನ್ನಿನ ಸದ್ದಿನಿಂದಲೇ 'ಮಕಿನಾ ಗಿರ್‌ಗಿರ್' ಎಂಬ ಹೆಸರು ಬಿದ್ದಿದೆ. ಮರದ ಜಗಲಿಯ ಎರಡಂತಸ್ತಿನ ಕೆಲವು ಮನೆಗಳ ಮುಂದೆ ನಿಂತಾಗ ನಮ್ಮ ಬಂದರು ಪೇಟೆಯ ಹಳೆಯ ಮನೆಗಳ ನೆನಪಾಗುತ್ತಿತ್ತು. ವಿಚಾರಿಸಿದರೆ, ಅವು 1887ರ ನಂತರ ಭಾರತದ ವ್ಯಾಪಾರಿಗಳು ತಂದ ಮಾದರಿಯವು ಎಂದು ತಿಳಿಯಿತು. ರಾತ್ರಿ ಗೋಡೆಯ ಹೊರಗೆ ಕತ್ತೆಕಿರುಬಗಳಿಗೆ ಮಾಂಸ ತಿನ್ನಿಸುವವರನ್ನು ನೋಡಲು ಪ್ರವಾಸಿಗಳು ಬರುತ್ತಾರೆ. ನಾನೂ ಒಂದು ಸಲ ಹೋಗಿದ್ದೆ. ಇನ್ನೊಮ್ಮೆ ಹೋಗುವ ಧೈರ್ಯವಾಗಲಿಲ್ಲ.

ಓಣಿಯ ಮಕ್ಕಳು ಬಿಳಿಯರನ್ನು ಕಂಡರೆ 'ಫರಂಜೋ, ಫರಂಜೋ' ಎಂದು ಹಿಂದೆ ಓಡುತ್ತಾರೆ. ನಮ್ಮ ಪರಂಗಿ ಎಂಬ ಮಾತೇ ಅದು. ಒಂದು ದಿನ ನನ್ನ ಹಿಂದೆಯೂ ಹಾಗೆ ಕೂಗುತ್ತಾ ಓಡಿದರು. ನಮ್ಮ ಊರಲ್ಲಿ ನನ್ನ ಅಜ್ಜ ಬ್ರಿಟಿಷರಿಗೆ ಬಳಸುತ್ತಿದ್ದ ಪದ ನನ್ನ ಬೆನ್ನಿಗೆ ಬಿದ್ದಾಗ ನಗುವೂ ಬಂತು, ಏನೋ ಕಸಿವಿಸಿಯೂ ಆಯಿತು. ನಾನು ಅಲ್ಲಿಗೆ ಹೋದದ್ದಾದರೂ ಯಾವ ಭಾಷೆಯನ್ನು ಹೊತ್ತುಕೊಂಡು?

ಹಿರಿಯರು ಮಾತ್ರ ನನ್ನನ್ನು ಬೇರೆ ರೀತಿಯಲ್ಲಿ ಗುರುತಿಸುತ್ತಿದ್ದರು. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಭಾರತದ ಶಿಕ್ಷಕರು ಸಾವಿರಾರು ಸಂಖ್ಯೆಯಲ್ಲಿ ಆ ದೇಶದ ಹಳ್ಳಿಹಳ್ಳಿಗಳಲ್ಲಿ ಕಲಿಸಿದ್ದರು. ಅವರಲ್ಲಿ ಅನೇಕರು ಕೇರಳದವರು. 1974ರ ಕ್ರಾಂತಿಯ ಮೇಲೆ ಆ ಕಾಲ ಮುಗಿಯಿತು. ನಾನು ಹೋದ ವರ್ಷಗಳಲ್ಲಿ ಅಲ್ಲಿ ಹೊಸ ವಿಶ್ವವಿದ್ಯಾಲಯಗಳು ಒಂದರ ಹಿಂದೆ ಒಂದು ತೆರೆಯುತ್ತಿದ್ದುದರಿಂದ ನಮ್ಮವರಿಗೆ ಮತ್ತೆ ಕರೆ ಬಂದಿತ್ತು. ಅಂಚೆ ಕಚೇರಿಯ ಬಳಿ ಚಹಾದಂಗಡಿ ನಡೆಸುತ್ತಿದ್ದ ಒಬ್ಬ ಮುದುಕರು ನನ್ನಿಂದ ಚಹಾದ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಅವರಿಗೆ ಬೀಜಗಣಿತ ಕಲಿಸಿದ್ದು ಒಬ್ಬ ಮಲಯಾಳಿ ಮಾಸ್ತರರಂತೆ. ಆ ಮಾಸ್ತರರ ಪುಣ್ಯದಿಂದ ನಾನು ಎರಡು ವರ್ಷ ಪುಕ್ಕಟೆ ಚಹಾ ಕುಡಿದೆ.

ಇನ್ನು ತರಗತಿಯ ವಿಷಯ. ಇಥಿಯೋಪಿಯಾ 1994ರಲ್ಲಿ ಜಾರಿಗೆ ತಂದ ಶಿಕ್ಷಣ ನೀತಿ ಓದಲು ಬಹಳ ಚೆನ್ನಾಗಿದೆ. ಮಗು ಪ್ರಾಥಮಿಕ ಹಂತದಲ್ಲಿ ತನ್ನ ಮಾತೃಭಾಷೆಯಲ್ಲಿ ಕಲಿಯಬೇಕು. ಒರೊಮೊ ಮಗು ಒರೊಮೊದಲ್ಲಿ, ಸೋಮಾಲಿ ಮಗು ಸೋಮಾಲಿಯಲ್ಲಿ. ಜೊತೆಗೆ ಅಮ್ಹಾರಿಕ್ ಒಂದು ವಿಷಯ, ಇಂಗ್ಲಿಷ್ ಒಂದು ವಿಷಯ. ಆದರೆ ಒಂಬತ್ತನೆಯ ತರಗತಿಗೆ ಬಂದೊಡನೆ ಗಣಿತ, ವಿಜ್ಞಾನ, ಚರಿತ್ರೆ ಎಲ್ಲವೂ ಒಮ್ಮೆಲೇ ಇಂಗ್ಲಿಷ್‌ಗೆ ತಿರುಗುತ್ತವೆ. ನಮ್ಮಲ್ಲಿ ಕನ್ನಡ ಮಾಧ್ಯಮದ ಮಗು ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ತಿಂಗಳು ಹೇಗಿರುತ್ತದೋ ಹಾಗೆ. ಅಲ್ಲಿ ಇಡೀ ದೇಶದ ಮಕ್ಕಳಿಗೆ ಹಾಗೆ.

ಅಮ್ಹಾರಿಕ್ ಅಕ್ಷರಮಾಲೆ ನೋಡಿದಾಗ ನನಗೆ ಸ್ವಂತ ಊರಿನವರನ್ನು ಕಂಡಷ್ಟು ಖುಷಿಯಾಯಿತು. ಅದು ನಮ್ಮ ಬಳ್ಳಿಯಂತೆಯೇ. ಪ್ರತಿ ವ್ಯಂಜನಕ್ಕೂ ಏಳು ರೂಪ, ಮಕ್ಕಳು ರಾಗವಾಗಿ 'ಹ ಹು ಹಿ ಹಾ ಹೇ ಹ್ ಹೋ' ಎಂದು ಹೇಳುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ನಮ್ಮ ಒಂದನೆಯ ತರಗತಿಯೇ. ಒರೊಮೊ ಭಾಷೆಗಾದರೋ 1991ರಿಂದ ಇಂಗ್ಲಿಷಿನ ಅಕ್ಷರಗಳನ್ನೇ ಬಳಸುತ್ತಿದ್ದಾರೆ. ಅಕ್ಷರ ಅವೇ, ಉಚ್ಚಾರ ಬೇರೆ. 'ಸಿ' ಅಕ್ಷರಕ್ಕೆ ಗಂಟಲು ಬಿಗಿಹಿಡಿದು ಸಿಡಿಸುವ 'ಚ', 'ಎಕ್ಸ್' ಅಕ್ಷರಕ್ಕೆ ಅಂಥದೇ ಒಂದು 'ತ'. ಒಮ್ಮೆ ತರಬೇತಿ ವಿದ್ಯಾರ್ಥಿಗಳ ಜೊತೆ ಹಳ್ಳಿಯ ಶಾಲೆಗೆ ಹೋಗಿದ್ದೆ. ಪುಸ್ತಕದಲ್ಲಿ ಬೆಕ್ಕಿನ ಚಿತ್ರ, ಕೆಳಗೆ ಸಿ-ಎ-ಟಿ. ಒಬ್ಬ ಪುಟ್ಟ ಹುಡುಗಿ ಎದ್ದು ನಿಂತು ಗಟ್ಟಿಯಾಗಿ 'ಚಾತ್' ಎಂದು ಓದಿದಳು. ತರಗತಿಗೆ ತರಗತಿಯೇ ನಕ್ಕಿತು. ಚಾತ್ ಎಂದರೆ ಆ ಸೀಮೆಯಲ್ಲೆಲ್ಲ ಮಧ್ಯಾಹ್ನದ ಮೇಲೆ ಗಂಡಸರು ಕೂತು ಜಗಿಯುವ ಎಲೆ, ಯೆಮೆನಿನವರು ಖಾತ್ ಎನ್ನುತ್ತಾರಲ್ಲ, ಅದು. ಹುಡುಗಿಗೆ ತಾನು ಏನು ತಪ್ಪು ಹೇಳಿದೆನೆಂದು ತಿಳಿಯಲಿಲ್ಲ. ಅವಳು ಕಲಿತ ಅಕ್ಷರದ ಪ್ರಕಾರ ತಪ್ಪೇ ಇರಲಿಲ್ಲ.

ಪ್ರೌಢಶಾಲೆಯಲ್ಲಿ 'ಪ್ಲಾಸ್ಮಾ'. 2004ರಿಂದ ಅಲ್ಲಿನ ಸರಕಾರ ಪ್ರೌಢಶಾಲೆಗಳಿಗೆಲ್ಲ ದೊಡ್ಡ ಟಿವಿಗಳನ್ನು ಹಂಚಿ ಉಪಗ್ರಹದ ಮೂಲಕ ಪಾಠ ಬಿತ್ತರಿಸತೊಡಗಿತ್ತು. ದಕ್ಷಿಣ ಆಫ್ರಿಕಾದಲ್ಲಿ ತಯಾರಾದ ಪಾಠಗಳು, ಪರದೆಯ ಮೇಲೆ ವೇಗವಾಗಿ ಇಂಗ್ಲಿಷ್ ಮಾತಾಡುವ ಮಾಸ್ತರರು. ತರಗತಿಯಲ್ಲಿ ನಿಂತ ಮಾಸ್ತರರಿಗೆ ಆರಂಭದಲ್ಲಿ ಐದು ನಿಮಿಷ, ಕೊನೆಯಲ್ಲಿ ಐದು ನಿಮಿಷ. ನಡುವೆ ಪರದೆಯವರು ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ಎಣಿಸಿದಷ್ಟು ಸೆಕೆಂಡು ಕಾಯುತ್ತಾರೆ, "ಬಹಳ ಚೆನ್ನಾಗಿದೆ" ಎಂದು ಹೊಗಳಿ ಮುಂದೆ ಹೋಗುತ್ತಾರೆ. ಯಾರೂ ಬಾಯಿ ತೆರೆದಿರದಿದ್ದರೂ ಹೊಗಳುತ್ತಾರೆ. ನಿಲ್ಲಿಸಿ ಎನ್ನುವಂತಿಲ್ಲ, ಇನ್ನೊಮ್ಮೆ ಹೇಳಿ ಎನ್ನುವಂತಿಲ್ಲ. ಕರೆಂಟು ಹೋದರೆ ಆ ಪಾಠ ಹೋದಂತೆಯೇ. ಮಾಸ್ತರರ ಕೊರತೆ ಇರುವ ಬಡ ದೇಶ ಇನ್ನೇನು ಮಾಡಬೇಕಿತ್ತು ಎಂದು ಕೇಳುವವರಿದ್ದಾರೆ. ನನಗೂ ಸುಲಭದ ಉತ್ತರ ಗೊತ್ತಿಲ್ಲ. ನನ್ನ ಮುಂದೆ ಬಂದು ಕೂತವರು ಆ ಪರದೆ ನೋಡಿ ಬಂದ ಮಕ್ಕಳು ಎಂದಷ್ಟೇ ಹೇಳಬಲ್ಲೆ. ಅವರಿಗೆ ಪ್ರಶ್ನೆ ಕೇಳಿದರೆ ಮುಖ ನೋಡಿ ಸುಮ್ಮನೆ ಕೂರುತ್ತಿದ್ದರು. ನಾನೇ ಉತ್ತರ ಹೇಳಿ ಮುಂದೆ ಹೋಗಲಿ ಎಂದು ಕಾಯುತ್ತಿದ್ದರು ಎಂಬುದು ನನಗೆ ತಡವಾಗಿ ತಿಳಿಯಿತು.

ಆಗ ನನಗೆ ತಾಳ್ಮೆ ಇರಲಿಲ್ಲ. ಅದಕ್ಕೊಂದು ಹಿನ್ನೆಲೆಯಿದೆ. ನಾನೂ ಅಂಥದೇ ದಾರಿಯಲ್ಲಿ ಬಂದವನು. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ. ಇಂಗ್ಲಿಷಿನ ಎ ಬಿ ಸಿ ಡಿ ಕಂಡದ್ದು ಐದನೆಯ ತರಗತಿಯಲ್ಲಿ. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷಿಗೆ ಬಂದದ್ದು 37. ಪಿಯುಸಿಯಲ್ಲಿ ಪಾಠಗಳನ್ನು ಅರ್ಥವಾಗದೆಯೇ ಉರುಹೊಡೆದೆ. ಚಿಮಿಣಿ ದೀಪದ ಬೆಳಕಿನಲ್ಲಿ ಡಿಕ್ಷನರಿ ಹಿಡಿದು ಕೂತು, ಮಂಗಳಗಂಗೋತ್ರಿಯಲ್ಲಿ ಎಂ.ಎ. ಮಾಡುವವರೆಗೆ ಬಂದೆ. ಇದನ್ನು ಹೇಳಿಕೊಳ್ಳಲು ನನಗೆ ಬಹಳ ಇಷ್ಟ. ನಾನು ಮಾಡಿ ತೋರಿಸಿದ್ದೇನಲ್ಲ, ಇವರಿಗೇನು ದಾಡಿ ಎಂಬುದು ನನ್ನ ಧೋರಣೆ. ಕಷ್ಟಪಟ್ಟು ಮೇಲೆ ಬಂದವನಷ್ಟು ಕಠಿಣ ಮಾಸ್ತರ ಇನ್ನೊಬ್ಬನಿಲ್ಲ.

ಆ ಹುಡುಗ ಹಿಂದಿನಿಂದ ಎರಡನೆಯ ಬೆಂಚಿನವನು. ಹರಾರಿನ ಹೊರಗಿನ ಗುಡ್ಡದೂರಿನಿಂದ ಬಂದವನು, ಒರೊಮೊ. ಅವನ ಹೆಸರು ಬರೆಯುವುದಿಲ್ಲ. ಇಡೀ ಸೆಮಿಸ್ಟರ್‌ನಲ್ಲಿ ಅವನು ನನ್ನೊಡನೆ ಆಡಿದ್ದು "ಎಸ್ ಟೀಚರ್" ಎಂಬ ಎರಡೇ ಮಾತು. ಬರೆಯುವುದು ಮಾತ್ರ ಬಹಳ ಬರೆಯುತ್ತಿದ್ದ. ನಾನು ಹೇಳಿದ ಪ್ರತಿ ವಾಕ್ಯವನ್ನೂ ನೋಟ್ಸ್ ಪುಸ್ತಕಕ್ಕೆ ಇಳಿಸುತ್ತಿದ್ದ, ನಾನು ಕೆಮ್ಮಿದ್ದನ್ನೂ ಬರೆದುಕೊಳ್ಳುತ್ತಾನೇನೋ ಎನ್ನಿಸುವಷ್ಟು.

ಮೊದಲ ಸೆಮಿಸ್ಟರ್ ಪರೀಕ್ಷೆ 2007ರ ಆರಂಭದಲ್ಲಿ. ಓದಿ ಅರ್ಥಮಾಡಿಕೊಳ್ಳುವ ವಿಭಾಗಕ್ಕೆ ನಾನು ಆ ಸೀಮೆಯದೇ ವಿಷಯ ಆರಿಸಿದ್ದೆ, ಅದರ ಬಗ್ಗೆ ಹೆಮ್ಮೆಯೂ ಇತ್ತು. ಹರಾರಿನ ಸುತ್ತಲಿನ ಗುಡ್ಡಗಳು ಕಾಫಿಗೆ ಹೆಸರಾದವು. ಆದರೆ ಕಾಫಿಗೆ ಬೆಲೆ ಕುಸಿದಾಗೆಲ್ಲ ರೈತರು ಗಿಡ ಕಿತ್ತು ಚಾತ್ ನೆಡುತ್ತಾ ಬಂದಿದ್ದರು. ಚಾತ್ ವರ್ಷದಲ್ಲಿ ಹಲವು ಸಲ ಕೊಯ್ಲಿಗೆ ಬರುತ್ತದೆ, ಹತ್ತಿರದ ಅವದಾಯ್ ಸಂತೆಯಲ್ಲಿ ಕೂಡಲೇ ನಗದು ಸಿಗುತ್ತದೆ, ಅಲ್ಲಿಂದ ಎಲೆ ಬಾಡುವ ಮೊದಲೇ ಜಿಬೂಟಿಗೆ, ಸೋಮಾಲಿ ಪ್ರದೇಶಕ್ಕೆ ಹೋಗುತ್ತದೆ. ಇದನ್ನು ವಿವರಿಸುವ ಒಂದು ಪುಟ ಕೊಟ್ಟು ಕೆಳಗೆ ಪ್ರಶ್ನೆ ಬರೆದೆ. ರೈತರು ಕಾಫಿ ಬಿಟ್ಟು ಚಾತ್ ಬೆಳೆಯತೊಡಗಿದ್ದಕ್ಕೆ ಕಾರಣ ಕೊಡಿ. ಈಗ ಕನ್ನಡದಲ್ಲಿ ಹೀಗೆ ಸರಳವಾಗಿ ಬರೆದಿದ್ದೇನೆ. ಅಂದು ಇಂಗ್ಲಿಷಿನಲ್ಲಿ ನಾನು ಬರೆದದ್ದು 'ಅಕೌಂಟ್ ಫಾರ್' ಎಂದು. ನಮ್ಮ ವಿಶ್ವವಿದ್ಯಾಲಯಗಳ ಪ್ರಶ್ನೆಪತ್ರಿಕೆಗಳಲ್ಲಿ ತಲೆತಲಾಂತರದಿಂದ ಬರುವ ಮಾತು. ಬ್ರಿಟಿಷರು ಬಿಟ್ಟುಹೋದದ್ದು, ನಾವು ಬಿಡದೆ ಹಿಡಿದುಕೊಂಡದ್ದು. ಅದು ಕಷ್ಟದ ಮಾತು ಎಂದು ನನಗೆ ಹೊಳೆಯಲೇ ಇಲ್ಲ.

ಆ ಹುಡುಗ ಒಂದು ಪುಟ ತುಂಬ ಉತ್ತರ ಬರೆದಿದ್ದ. ಅದರ ಸಾರಾಂಶ ಇಷ್ಟು: ನಮ್ಮ ರೈತರಿಗೆ ಅಕೌಂಟ್ ಇಲ್ಲ. ನಮ್ಮೂರಿನಲ್ಲಿ ಅಕೌಂಟ್ ಇರುವವನು ಒಬ್ಬನೇ. ಬ್ಯಾಂಕು ಪಟ್ಟಣದಲ್ಲಿದೆ. ಕಾಫಿಯಾಗಲಿ ಚಾತ್ ಆಗಲಿ, ಮಾರಿದ ಹಣದಲ್ಲಿ ರೈತ ಕುರಿ ಕೊಳ್ಳುತ್ತಾನೆ. ಕುರಿಯೇ ಅವನ ಅಕೌಂಟ್. ಕಾಯಿಲೆ ಬಂದರೆ ಅಕೌಂಟ್ ಮಾರುತ್ತಾನೆ.

ನಾನು ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸೊನ್ನೆ ಹಾಕಿದೆ. ಅಷ್ಟಕ್ಕೇ ನಿಂತಿದ್ದರೆ ಈ ಲೇಖನ ಬರೆಯಬೇಕಾಗಿರಲಿಲ್ಲವೇನೋ. ಆ ಪುಟವನ್ನು ಸ್ಟಾಫ್‌ರೂಮಿಗೆ ಒಯ್ದು ಗಟ್ಟಿಯಾಗಿ ಓದಿದೆ. ನಾವು ನಾಲ್ವರು ಭಾರತೀಯರಿದ್ದೆವು, ಹೊಟ್ಟೆ ಹಿಡಿದುಕೊಂಡು ನಕ್ಕೆವು. 'ಕಾಯಿಲೆ ಬಂದರೆ ಅಕೌಂಟ್ ಮಾರುತ್ತಾನೆ' ಎಂಬುದು ಕೆಲವು ದಿನ ನಮ್ಮ ನಡುವೆ ಗಾದೆಮಾತೇ ಆಗಿಬಿಟ್ಟಿತು. ಮೂಲೆಯಲ್ಲಿ ಕೂತಿದ್ದ ಅಲ್ಲಿಯವರೇ ಆದ ಭೂಗೋಳದ ಅಧ್ಯಾಪಕರೊಬ್ಬರು ನಗಲಿಲ್ಲ. "ಅವನು ಬರೆದದ್ದು ನಿಜ" ಎಂದಷ್ಟೇ ಹೇಳಿ ಎದ್ದು ಹೋದರು.

ಅಲ್ಲಿನ ನಿಯಮ ಕಠಿಣವಾದದ್ದು. ಮೊದಲ ಸೆಮಿಸ್ಟರ್‌ನಲ್ಲಿ ಎಲ್ಲ ವಿಷಯಗಳ ಸರಾಸರಿ ನಿಗದಿಗಿಂತ ಕೆಳಗಿಳಿದರೆ ವಿದ್ಯಾರ್ಥಿಯನ್ನು ಮನೆಗೆ ಕಳುಹಿಸುತ್ತಾರೆ. ಹಾಸಿಗೆ ಕಟ್ಟಿಕೊಂಡು, ಹಾಸ್ಟೆಲಿನ ಲೆಕ್ಕ ತೀರಿಸಿ ಹೋಗಬೇಕು. ಮುಂದಿನ ವರ್ಷ ಅರ್ಜಿ ಹಾಕಿದರೆ ಮತ್ತೆ ಸೇರಿಸಿಕೊಂಡರೂ ಸೇರಿಸಿಕೊಂಡರು. ಆ ಫೆಬ್ರುವರಿಯಲ್ಲಿ ನನ್ನ ತರಗತಿಯಿಂದ ಒಂಬತ್ತು ಮಂದಿ ಹೀಗೆ ಹೋದರು. ಹಿಂದಿನಿಂದ ಎರಡನೆಯ ಬೆಂಚು ಖಾಲಿಯಾದದ್ದು ನೋಡಿದೆ. ನಿಜ ಹೇಳುತ್ತೇನೆ, ನನಗೆ ಆಗ ಏನೂ ಅನ್ನಿಸಲಿಲ್ಲ.

ಮೇ ತಿಂಗಳಲ್ಲಿರಬೇಕು, ಕೋಟೆಯ ಹೊರಗಿನ ಸಂತೆಯಲ್ಲಿ ಅಕ್ಕಿ ಕೊಳ್ಳಲು ಹೋಗಿದ್ದೆ. ಇಂಜೆರಾ ನನಗೆ ಒಗ್ಗಿತ್ತು. ಟೆಫ್ ಎಂಬ ಸಾಸಿವೆಗಿಂತ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹಂಚಿನ ಮೇಲೆ ಹೊಯ್ಯುವ ದೊಡ್ಡ ದೋಸೆ, ಚಟ್ನಿಯ ಬದಲು ಖಾರದ ಸಾರು. ಆದರೂ ವಾರಕ್ಕೆರಡು ದಿನ ಅನ್ನ ಬೇಕೆನಿಸುತ್ತಿತ್ತು. ಅಂಗಡಿಯವನಿಗೂ ನನಗೂ ಭಾಷೆ ಹೊಂದದೆ ಕೈಸನ್ನೆ ನಡೆದಿತ್ತು. ಪಕ್ಕದಿಂದ ಯಾರೋ "ಟೀಚರ್" ಎಂದರು. ಅವನೇ. ಕೈಯಲ್ಲಿ ಪ್ಲಾಸ್ಟಿಕ್ ಚೀಲಗಳ ಕಂತೆ, ಮಾರುತ್ತಿದ್ದ. ಅಂಗಡಿಯವನೊಡನೆ ಒರೊಮೊದಲ್ಲಿ ಮಾತಾಡಿ ನನಗೆ ಬೆಲೆ ಇಳಿಸಿಕೊಟ್ಟ. ನಡುವೆ ಬಂದ ಸೋಮಾಲಿ ಹೆಂಗಸಿಗೆ ಸೋಮಾಲಿಯಲ್ಲಿ, ಪೊಲೀಸಿನವನಿಗೆ ಅಮ್ಹಾರಿಕ್‌ನಲ್ಲಿ, ಗೋಡೆಯೊಳಗಿನ ಮುದುಕಿಯೊಬ್ಬಳಿಗೆ ಹರಾರಿಯಲ್ಲಿ ಉತ್ತರ ಕೊಟ್ಟ. ನಾನು ಅಕ್ಕಿಯ ಚೀಲ ಹಿಡಿದು ನೋಡುತ್ತಾ ನಿಂತೆ. ಎಂ.ಎ. ಮಾಡಿದ ಭಾಷಾ ಅಧ್ಯಾಪಕ ನಾನು, ಅಕ್ಕಿ ಕೊಳ್ಳಲು ಭಾಷೆಯಿಲ್ಲದವನು.

ಅವನಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಚಹಾ ಕುಡಿಯುತ್ತಾ ಒಂದೇ ಒಂದು ಪ್ರಶ್ನೆ ಕೇಳಿದ. ಇಂಗ್ಲಿಷಿನಲ್ಲೇ, ಒಂದೊಂದೇ ಪದ ಜೋಡಿಸಿಕೊಂಡು. ಆ ಪ್ರಶ್ನೆಗೆ ಉತ್ತರವೇನು ಟೀಚರ್, ನಾನು ಪಾಠ ಪೂರ್ತಿ ಓದಿದ್ದೆ, ಅದರಲ್ಲಿ ಬ್ಯಾಂಕಿನ ವಿಷಯ ಎಲ್ಲಿಯೂ ಇರಲಿಲ್ಲ, ಆದ್ದರಿಂದ ನನಗೆ ಗೊತ್ತಿದ್ದದ್ದನ್ನು ಬರೆದೆ. ನಾನು ವಿವರಿಸಿದೆ. ಅಕೌಂಟ್ ಎಂದರೆ ಅಲ್ಲಿ ಬ್ಯಾಂಕಿನದಲ್ಲ, ಏಕೆ ಹಾಗಾಯಿತು ಎಂದು ಹೇಳುವುದು. ಅವನು ಸ್ವಲ್ಪ ಹೊತ್ತು ಯೋಚಿಸಿ "ಓ, ಸಬಬ!" ಎಂದ.

ಸಬಬ ಎಂದರೆ ಒರೊಮೊದಲ್ಲಿ ಕಾರಣ. ಅರಬಿಯ ಸಬಬ್ ಎಂಬ ಮಾತು ಅಲ್ಲಿಗೂ ಹೋಗಿದೆ, ನಮ್ಮಲ್ಲಿಗೂ ಬಂದಿದೆ. ನಮ್ಮ ಕನ್ನಡದಲ್ಲಿ ಅದು ಸಬೂಬು ಆಗಿದೆ ಮತ್ತು ಅರ್ಥ ನೆಪ ಎಂದಾಗಿದೆ. ಇದನ್ನು ಅವನಿಗೆ ಹೇಳೋಣ ಎನ್ನಿಸಿತು, ಹೇಳಲಿಲ್ಲ.

ಮತ್ತೆ ಅವನೇ ಹೇಳತೊಡಗಿದ, ಈ ಸಲ ಯಾವ ತಡವರಿಕೆಯೂ ಇಲ್ಲದೆ ಒರೊಮೊ, ಅರಬಿ, ಇಂಗ್ಲಿಷ್ ಎಲ್ಲ ಬೆರೆಸಿ. ಅವರದೇ ತೋಟದಲ್ಲಿ ಅವನ ತಂದೆ ಕಾಫಿ ಗಿಡ ಕಿತ್ತದ್ದು ಅವನು ಏಳನೆಯ ತರಗತಿಯಲ್ಲಿದ್ದಾಗ. ಆ ವರ್ಷ ಕಾಫಿ ಮಾರಿದ ಹಣ ಗೊಬ್ಬರದ ಸಾಲಕ್ಕೂ ಸಾಲಲಿಲ್ಲ. ಚಾತ್‌ಗೆ ನೀರು ಹೆಚ್ಚು ಬೇಕು, ಆದರೆ ವಾರದ ಖರ್ಚಿಗೆ ವಾರದಲ್ಲೇ ಹಣ. ಮಗನ ಪ್ರೌಢಶಾಲೆಯ ಬಾಡಿಗೆ ಕೋಣೆಯ ಹಣ ಆ ಎಲೆಯಿಂದಲೇ ಬಂದದ್ದು. ತಾಯಿ ಹಟ ಹಿಡಿದು ಬಾವಿಯ ಬಳಿಯ ನಾಲ್ಕು ಕಾಫಿ ಗಿಡಗಳನ್ನು ಕೀಳಲು ಬಿಟ್ಟಿರಲಿಲ್ಲ. ನನ್ನ ಪ್ರಶ್ನೆಗೆ ಎಪ್ಪತ್ತು ಮಂದಿಯಲ್ಲಿ ಅಷ್ಟು ಪೂರ್ಣವಾದ ಉತ್ತರ ಯಾರೂ ಬರೆದಿರಲಿಲ್ಲ. ಅದಕ್ಕೆ ಹತ್ತು ಅಂಕ ಇತ್ತು. ಅವನಿಗೆ ಪಾಸಾಗಲು ಬೇಕಾಗಿದ್ದದ್ದು ಆರು.

ಮರುದಿನವೇ ವಿಭಾಗದ ಮುಖ್ಯಸ್ಥರ ಬಳಿ ಹೋದೆ. ಅವರು ಒಳ್ಳೆಯವರು, ಕೂರಿಸಿ ಕೇಳಿದರು. ಆದರೆ ಒಮ್ಮೆ ಸಹಿ ಹಾಕಿ ಕೊಟ್ಟ ಅಂಕಪಟ್ಟಿ ಬದಲಾಗುವುದಿಲ್ಲ, ಮರುಪರಿಶೀಲನೆಯ ಅವಧಿ ಮುಗಿದಿದೆ ಎಂದರು. "ಪ್ರಶ್ನೆ ತಪ್ಪಾಗಿತ್ತೇ?" ಎಂದು ಕೇಳಿದರು. ತಪ್ಪಾಗಿರಲಿಲ್ಲ. ವ್ಯಾಕರಣ ಸರಿಯಾಗಿಯೇ ಇತ್ತು. "ಹಾಗಾದರೆ ನೀವು ಏನೆಂದು ಬರೆದುಕೊಡುತ್ತೀರಿ?" ಎಂದರು. ನನಗೆ ಉತ್ತರ ತೋಚಲಿಲ್ಲ. ನನ್ನ ಕಾಂಟ್ರಾಕ್ಟ್ ನವೀಕರಣಕ್ಕೆ ಬಂದಿದ್ದ ಸಮಯವೂ ಅದೇ. ಅದೂ ನನ್ನ ತಲೆಯಲ್ಲಿರಲಿಲ್ಲ ಎಂದು ಹೇಳಲಾರೆ.

ಆ ಮೇಲೆ ನಾನು ಕಲಿಸುವ ರೀತಿ ಬದಲಾಯಿತು. ಪ್ರಶ್ನೆಪತ್ರಿಕೆಯನ್ನು ಮೊದಲು ಆ ಭೂಗೋಳದ ಅಧ್ಯಾಪಕರಿಗೆ ತೋರಿಸತೊಡಗಿದೆ. ಅವರು ಗೆರೆ ಎಳೆದ ಪದಗಳನ್ನು ತೆಗೆದುಹಾಕುತ್ತಿದ್ದೆ. ಅಸರ್ ನಮಾಝಿನ ಮೇಲೆ ಒಂದು ತಾಸು ಹಾಸ್ಟೆಲಿನ ಊಟದ ಹಾಲ್‌ನಲ್ಲಿ ಕೂರುತ್ತಿದ್ದೆ. ಅಲ್ಲಿ ನಿಯಮ ಒಂದೇ: ಮೊದಲು ತಮ್ಮ ಭಾಷೆಯಲ್ಲಿ ಹೇಳಬೇಕು, ನಂತರ ಇಂಗ್ಲಿಷಿನಲ್ಲಿ. ಒಬ್ಬ ಒರೊಮೊದಲ್ಲಿ ಹೇಳಿದ್ದನ್ನು ಇನ್ನೊಬ್ಬ ಅಮ್ಹಾರಿಕ್‌ಗೆ, ಮತ್ತೊಬ್ಬಳು ಇಂಗ್ಲಿಷಿಗೆ ತರುತ್ತಿದ್ದಳು. ಪರದೆಯ ಮಾಸ್ತರರಿಗೆ ಸುಮ್ಮನೆ ಕೂತು ಅಭ್ಯಾಸವಾದ ಮಕ್ಕಳು ಅಲ್ಲಿ ಜಗಳಾಡುವಷ್ಟು ಮಾತಾಡಿದರು. ನಾನೂ ಒರೊಮೊದಲ್ಲಿ "ಅಕ್ಕಂ, ನಗಾ?" ಎಂದು ಕ್ಷೇಮ ವಿಚಾರಿಸುವಷ್ಟು ಕಲಿತೆ. ನನ್ನ ಬಿಗಿಯಿಲ್ಲದ 'ಚ' ಕೇಳಿ ಅವರು ನಕ್ಕರು. ನಗಲಿ ಎಂದು ಬಿಟ್ಟೆ.

2007ರ ಸೆಪ್ಟೆಂಬರ್ 12ರಂದು ಅವರಿಗೆ 2000ನೇ ಇಸವಿ ಹುಟ್ಟಿತು. ದೇಶವೆಲ್ಲ ದೀಪ ಹಚ್ಚಿ ಹೊಸ ಸಹಸ್ರಮಾನವನ್ನು ಸ್ವಾಗತಿಸಿತು. ಅದರ ಬೆನ್ನಿಗೇ ರಮಝಾನ್ ಬಂತು, ಹರಾರಿನ ಓಣಿಗಳು ಹಗಲೆಲ್ಲ ಮೌನವಾಗಿ ರಾತ್ರಿ ಎಚ್ಚರವಾಗತೊಡಗಿದವು. ಮರುಸೇರ್ಪಡೆಯ ಅರ್ಜಿಗೆ ಕೊನೆಯ ದಿನ ಹತ್ತಿರ ಬರುತ್ತಿತ್ತು. ಅರ್ಜಿ ನಮೂನೆ ತಂದು, ತುಂಬಿ, ನನ್ನ ಶಿಫಾರಸು ಪತ್ರ ಲಗತ್ತಿಸಿ ಅವನನ್ನು ಹುಡುಕಿಕೊಂಡು ಹೋದೆ. ಸಂತೆಯಲ್ಲಿರಲಿಲ್ಲ. ಇಫ್ತಾರಿನ ಹೊತ್ತಿಗೆ ಮಸೀದಿಯ ಬಳಿ ಸಿಕ್ಕ. ನಮೂನೆಯನ್ನು ಎರಡು ಸಲ ಓದಿದ, ಸಹಿ ಹಾಕಬೇಕಾದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದ. ತಮ್ಮ ಈ ವರ್ಷ ಒಂಬತ್ತನೆಯ ತರಗತಿಗೆ ಸೇರಿದ್ದಾನೆ, ಇಬ್ಬರು ಓದಲು ತೋಟ ಸಾಲದು ಎಂದ. ನಾನು ಹಣದ ಮಾತೆತ್ತಿದೆ. ಅವನು ತಲೆಯಲ್ಲಾಡಿಸಿದ. ನಮೂನೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಅದು ಕಚೇರಿಗೆ ಬರಲಿಲ್ಲ.

2008ರ ಜುಲೈಯಲ್ಲಿ ನಾನು ಹೊರಟೆ. ಸಾಲ ತೀರಿತ್ತು, ಉಮ್ಮನ ಮೊಣಕಾಲು ನೋವು ಹೆಚ್ಚಿತ್ತು. ನಂತರದ ವರ್ಷಗಳಲ್ಲಿ ಆ ದೇಶದಲ್ಲಿ ಏನೇನೋ ನಡೆದುಹೋಯಿತು. ನಜ್ಜಾಶಿಯ ಹೆಸರಿನಲ್ಲಿ ತಿಗ್ರಾಯ್‌ನಲ್ಲಿರುವ ಹಳೆಯ ಮಸೀದಿಗೂ 2020ರ ಯುದ್ಧದಲ್ಲಿ ಹಾನಿಯಾದ ಚಿತ್ರ ಪತ್ರಿಕೆಯಲ್ಲಿ ಕಂಡು ಉಮ್ಮನಿಗೆ ತೋರಿಸಲಿಲ್ಲ. 2022ರಲ್ಲಿ ಅಲ್ಲಿ ಹನ್ನೆರಡನೆಯ ತರಗತಿಯ ರಾಷ್ಟ್ರೀಯ ಪರೀಕ್ಷೆಯನ್ನು ನಕಲು ತಡೆಯಲೆಂದು ವಿಶ್ವವಿದ್ಯಾಲಯಗಳಲ್ಲೇ ನಡೆಸಿದರು. ಅರ್ಧದಷ್ಟು ಅಂಕ ತೆಗೆದವರು ನೂರಕ್ಕೆ ನಾಲ್ಕು ಮಂದಿಯೂ ಇರಲಿಲ್ಲ. ಅದಕ್ಕೆ ಭಾಷೆಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಆ ಸುದ್ದಿ ಓದಿದಾಗ ನನಗೆ ಕಂಡದ್ದು ಪ್ರಶ್ನೆಪತ್ರಿಕೆ ಬರೆಯುವ ಕೈಗಳು.

ಹೊರಡುವ ಹಿಂದಿನ ಸಂಜೆ ಅವನು ಕ್ವಾರ್ಟರ್ಸಿಗೆ ಬಂದಿದ್ದ. ಯಾರು ಹೇಳಿದರೋ. ಹಳೆಯ ಪತ್ರಿಕೆಯಲ್ಲಿ ಸುತ್ತಿದ ಅರ್ಧ ಕಿಲೋ ಹಸಿ ಕಾಫಿ ಬೀಜ ಕೊಟ್ಟ. ಬಾವಿಯ ಬಳಿಯ ಆ ನಾಲ್ಕು ಗಿಡದವು, ತಾಯಿ ಕಳುಹಿಸಿದ್ದು ಎಂದ. ಅಲ್ಲಿಯವರು ಕಾಫಿ ಬೀಜವನ್ನು ಅತಿಥಿಯ ಎದುರೇ ಹುರಿದು, ಕುಟ್ಟಿ, ಮೂರು ಸಲ ಕಾಯಿಸಿ ಮೂರು ಸುತ್ತು ಕೊಡುತ್ತಾರೆ, ಮೂರನೆಯ ಸುತ್ತಿಗೆ ಮೊದಲು ಎದ್ದು ಹೋಗುವುದು ಸರಿಯಲ್ಲ. ನನ್ನಲ್ಲಿ ಪಾತ್ರೆಗಳೆಲ್ಲ ಕಟ್ಟಿಯಾಗಿತ್ತು. ಅವನು ನಿಂತೇ ಮಾತಾಡಿ ಹೋದ.

ಊರಿಗೆ ಬಂದ ಮೇಲೆ ಉಮ್ಮ ಆ ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದರು. ಮನೆಯೆಲ್ಲ ಪರಿಮಳ. ಬಾಬಾ ಬುಡನ್ ತಂದದ್ದೂ ಇಂಥದೇ ಬೀಜ ಇರಬಹುದು ಎಂದು ಅಣ್ಣನ ಮಗಳು ಪಾಠ ಒಪ್ಪಿಸಿದಳು. ಲೋಟ ಹಿ��ಿದು ಕೂತಾಗ ಉಮ್ಮ ಕೇಳಿದರು, "ಯಾರು ಕೊಟ್ಟದ್ದು ಮೋನೇ?"

"ನನ್ನ ವಿದ್ಯಾರ್ಥಿ."

"ಒಳ್ಳೆಯ ಹುಡುಗ. ಪಾಸಾದನಲ್ಲ?"

ನಾನು ಇನ್ನೊಂದು ಲೋಟ ಕಾಫಿ ಕೇಳಿದೆ.